ತಟಸ್ಥೀಕರಣದ ಶಾಖ 50 ಕಿಲೋಜೂಲ್ ಬಂತು, ಉಳಿದದ್ದು ಎಲ್ಲಿಗೆ ಹೋಯಿತು?

ಬೀಕರ್_ಬದಿ

ಪದವಿ ಮೊದಲ ವರ್ಷದವರಿಗೆ ಮಾಡಿಸುವ ತಟಸ್ಥೀಕರಣದ, ಅಂದರೆ ಆಮ್ಲವೂ ಕ್ಷಾರವೂ ಸೇರಿ ನೀರಾಗುವ ಕ್ರಿಯೆಯ, ಪ್ರಯೋಗದ ಬಗ್ಗೆ ಕೇಳುತ್ತಿದ್ದೇನೆ. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಲೀಟರ್, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿಲೀಟರ್. ಥರ್ಮೋಕೋಲ್ ಲೋಟ, ಅದಕ್ಕೊಂದು ಮುಚ್ಚಳ, 0.1 ಡಿಗ್ರಿವರೆಗೆ ಓದಬಲ್ಲ ಥರ್ಮಾಮೀಟರ್. ಎರಡೂ ದ್ರಾವಣಗಳು 25.0 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದವು. ಬೆರೆಸಿದ ಮೇಲೆ ಕಂಡ ಗರಿಷ್ಠ ತಾಪಮಾನ 31.0.

ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು 4.18 ಜೂಲ್ ಬೇಕು; 100 ಗ್ರಾಂ × 4.18 × 6.0 = 2508 ಜೂಲ್. ಉಂಟಾದ ನೀರು 0.05 ಮೋಲ್. ಅಂದರೆ ಮೋಲ್‌ಗೆ 50.2 ಕಿಲೋಜೂಲ್ ಬಿಡುಗಡೆ. ಆದರೆ ಒಂದು ಪುಸ್ತಕ 57.1 ಎನ್ನುತ್ತದೆ, ಇನ್ನೊಂದು 55.8 ಎನ್ನುತ್ತದೆ.

ವಿದ್ಯಾರ್ಥಿಗಳ ದಾಖಲೆ ಪುಸ್ತಕದಲ್ಲಿ 'ಪರಿಸರಕ್ಕೆ ಶಾಖ ನಷ್ಟವಾಗಿದೆ' ಎಂದು ಒಂದು ಸಾಲು ಬರೆಸಿ ಸಹಿ ಹಾಕುವುದು ವಾಡಿಕೆ. ನನಗೆ ಆ ಸಾಲು ಸಾಕಾಗಿದೆ. ನಷ್ಟವಾಗಿದ್ದರೆ ಎಷ್ಟು, ಯಾವ ದಾರಿಯಲ್ಲಿ? ಎರಡು ಪುಸ್ತಕಗಳು ಎರಡು ಸಂಖ್ಯೆ ಕೊಡುವುದಾದರೂ ಏಕೆ?

ತಾಪತ್ರಯ

ಆ ಸಾಲನ್ನು ನಾನೂ ಸೇವೆಯುದ್ದಕ್ಕೂ ಓದಿದ್ದೇನೆ. ಶಾಖ ನಷ್ಟ ಎಂಬುದು ಉತ್ತರವಲ್ಲ, ಅದನ್ನೂ ಅಳೆಯಬೇಕು.

ಥರ್ಮಾಮೀಟರ್ ಶಾಖವನ್ನು ಅಳೆಯುವುದಿಲ್ಲ, ತಾಪಮಾನವನ್ನು ಮಾತ್ರ ಅಳೆಯುತ್ತದೆ ಎಂಬಲ್ಲಿಂದ ಆರಂಭಿಸೋಣ. ತಾಪಮಾನದಿಂದ ಶಾಖಕ್ಕೆ ಬರಲು ನೀವು 418 ಎಂಬ ಸಂಖ್ಯೆಯಿಂದ ಗುಣಿಸಿದ್ದೀರಿ. ಆ 418ರಲ್ಲಿ ಇರುವುದು ದ್ರಾವಣ ಮಾತ್ರ. ಬಿಸಿಯಾದದ್ದು ದ್ರಾವಣವೊಂದೇ ಅಲ್ಲ. ಲೋಟದ ಒಳಮೈ, ಕಲಕುವ ಕಡ್ಡಿ, ಥರ್ಮಾಮೀಟರ್‌ನ ಮುಳುಗಿದ ಭಾಗ, ಇವೆಲ್ಲ ತಮ್ಮ ಪಾಲು ತೆಗೆದುಕೊಂಡಿವೆ. ಆ ಪಾಲನ್ನು ಹೀಗೆ ಹಿಡಿಯಬಹುದು. ಅದೇ ಲೋಟದಲ್ಲಿ 25.0 ಡಿಗ್ರಿಯ 50 ಗ್ರಾಂ ನೀರು ಇಟ್ಟು, 40.0 ಡಿಗ್ರಿಯ 50 ಗ್ರಾಂ ನೀರು ಸುರಿಯಿರಿ. ಲೋಟಕ್ಕೆ ಏನೂ ಬೇಡವಾಗಿದ್ದರೆ ತಾಪಮಾನ 32.5ಕ್ಕೆ ನಿಲ್ಲಬೇಕು. ನಿಮಗೆ 32.2 ಬಂತು ಎಂದುಕೊಳ್ಳಿ. ಬಿಸಿ ನೀರು ಕಳೆದುಕೊಂಡದ್ದು 209 × 7.8 = 1630 ಜೂಲ್. ತಣ್ಣೀರು ಪಡೆದದ್ದು 209 × 7.2 = 1505 ಜೂಲ್. ನಡುವಿನ 125 ಜೂಲ್ ಲೋಟದ ಬಳಗದ ಪಾಲು. 7.2ರಿಂದ ಭಾಗಿಸಿದರೆ ಡಿಗ್ರಿಗೆ ಸುಮಾರು 17 ಜೂಲ್. ಇದು ಕ್ಯಾಲೊರಿಮೀಟರ್ ಸ್ಥಿರಾಂಕ.

ಎರಡನೆಯದು ಗರಿಷ್ಠ ತಾಪಮಾನ. 31.0 ಎಂಬುದು ನೀವು ಕಂಡ ಗರಿಷ್ಠ. ಥರ್ಮಾಮೀಟರ್ ಅಲ್ಲಿಗೆ ತಲುಪುವ ಹೊತ್ತಿಗೆ ದ್ರಾವಣ ಆಗಲೇ ತಣಿಯಲು ಶುರುವಾಗಿರುತ್ತದೆ. ಬೆರೆಸುವ ಮೊದಲು ನಾಲ್ಕೈದು ನಿಮಿಷ, ಬೆರೆಸಿದ ಮೇಲೆ ಎಂಟು ಹತ್ತು ನಿಮಿಷ ಪ್ರತಿ ಅರ್ಧ ನಿಮಿಷಕ್ಕೆ ತಾಪಮಾನ ಬರೆದು ನಕ್ಷೆ ಎಳೆಯಿರಿ. ಇಳಿಯುವ ಭಾಗದ ಸರಳರೇಖೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಚಾಚಿದರೆ ಸಿಗುವುದು ನಿಜವಾದ ಏರಿಕೆ. ಅದು 6.3 ಬಂದರೆ ನನಗೆ ಆಶ್ಚರ್ಯವಿಲ್ಲ. (418 + 17) × 6.3 = 2740 ಜೂಲ್, ಅಂದರೆ ಮೋಲ್‌ಗೆ 54.8 ಕಿಲೋಜೂಲ್. ನೀವು ಕಳೆದುಕೊಂಡಿದ್ದ ಏಳರಲ್ಲಿ ಸುಮಾರು ಐದು ಹೀಗೆ ಮರಳಿ ಬರುತ್ತವೆ.

ಇನ್ನು ಸೋಡಿಯಂ ಹೈಡ್ರಾಕ್ಸೈಡ್. ಆ ಬಾಟಲಿ ತೆರೆದು ಎಷ್ಟು ಕಾಲವಾಯಿತು?

ಬೀಕರ್_ಬದಿ

ಸತ್ರದ ಆರಂಭದಲ್ಲಿ ತಯಾರಿಸಿದ್ದು. ಮೀಥೈಲ್ ಆರೆಂಜ್ ಎಂಬ ಬಣ್ಣ ಬದಲಿಸುವ ಸೂಚಕ ಹಾಕಿ ಟೈಟ್ರೇಟ್ ಮಾಡಿ ನೋಡಿದ್ದೇವೆ, 1 ಮೋಲಾರ್ ಸರಿಯಾಗಿಯೇ ಇದೆ.

ತಾಪತ್ರಯ

ಮೀಥೈಲ್ ಆರೆಂಜ್ ಮೋಸ ಮಾಡುವುದು ಇಲ್ಲಿಯೇ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಹೈಡ್ರಾಕ್ಸೈಡ್‌ನ ಒಂದು ಭಾಗ ಕಾರ್ಬೊನೇಟ್ ಆಗಿರುತ್ತದೆ. ಮೀಥೈಲ್ ಆರೆಂಜ್ ಬಣ್ಣ ಬದಲಿಸುವ ಹೊತ್ತಿಗೆ ಕಾರ್ಬೊನೇಟ್ ಕೂಡ ಪೂರ್ತಿ ಆಮ್ಲ ಕುಡಿದು ಮುಗಿಸಿರುತ್ತದೆ; ಆದ್ದರಿಂದ ಟೈಟ್ರೇಷನ್‌ನಲ್ಲಿ ಕೊರತೆ ಕಾಣುವುದೇ ಇಲ್ಲ. ಶಾಖದ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ. ಪದಾರ್ಥಗಳು ತಮ್ಮ ಮೂಲವಸ್ತುಗಳಿಂದ ಉಂಟಾಗುವಾಗಿನ ಶಾಖದ ಕೋಷ್ಟಕಗಳಿಂದ ನೀವೇ ಲೆಕ್ಕ ಹಾಕಿ: ಕಾರ್ಬೊನೇಟ್ ಅಯಾನು ಎರಡು ಹೈಡ್ರೋಜನ್ ಅಯಾನುಗಳನ್ನು ತೆಗೆದುಕೊಂಡು ಅನಿಲವನ್ನೂ ನೀರನ್ನೂ ಕೊಡುವಾಗ ಬಿಡುಗಡೆಯಾಗುವುದು ಸುಮಾರು 2 ಕಿಲೋಜೂಲ್ ಮಾತ್ರ. ಅದೇ ಎರಡು ಅಯಾನುಗಳು ಹೈಡ್ರಾಕ್ಸೈಡ್ ಜೊತೆ ಸೇರಿದ್ದರೆ 110 ದಾಟುತ್ತಿತ್ತು. ನಿಮ್ಮ ಬಾಟಲಿಯಲ್ಲಿ ನೂರಕ್ಕೆ ಎರಡು ಭಾಗ ಕಾರ್ಬೊನೇಟ್ ಆಗಿದ್ದರೆ ನಿಜವಾದ ಹೈಡ್ರಾಕ್ಸೈಡ್ 0.049 ಮೋಲ್. 2740 ಭಾಗಿಸು 0.049, ಸುಮಾರು 56 ಕಿಲೋಜೂಲ್.

ಸಂದೇಹಿ

ಕ್ಷಮಿಸಿ, ನನಗೆ ಇದು ಪುಸ್ತಕದ ಉತ್ತರಕ್ಕೆ ತಳ್ಳುವ ಕೆಲಸದಂತೆ ಕಾಣುತ್ತಿದೆ. ಮೊದಲು 50 ಬಂತು. ಲೋಟ ಸೇರಿಸಿದಿರಿ, ರೇಖೆ ಚಾಚಿದಿರಿ, ಬಾಟಲಿಯನ್ನು ದೂರಿದಿರಿ, ಕೊನೆಗೆ 56 ಬಂತು, ನಿಲ್ಲಿಸಿದಿರಿ. 60 ಬಂದಿದ್ದರೆ ಇನ್ನೊಂದು ತಿದ್ದುಪಡಿ ಹುಡುಕುತ್ತಿರಲಿಲ್ಲವೇ?

ತಾಪತ್ರಯ

ಒಳ್ಳೆಯ ಏಟು. ಆದರೆ ವ್ಯತ್ಯಾಸವಿದೆ. ಲೋಟದ 17 ಜೂಲ್ ಅನ್ನು ಆಮ್ಲವನ್ನು ಮುಟ್ಟದೆ, ಬರೀ ನೀರಿನಿಂದ ಅಳೆಯಬಹುದು. ತಣಿಯುವ ರೇಖೆಯ ಇಳಿಜಾರು ಉತ್ತರವನ್ನು ಕೇಳಿ ಬದಲಾಗುವುದಿಲ್ಲ. ಕಾರ್ಬೊನೇಟ್ ಎಷ್ಟಿದೆ ಎಂದು ಫಿನಾಲ್ಫ್ಥಲೀನ್ ಮತ್ತು ಮೀಥೈಲ್ ಆರೆಂಜ್ ಎರಡನ್ನೂ ಬಳಸಿ ಬೇರೆಯಾಗಿಯೇ ಕಂಡುಹಿಡಿಯಬಹುದು, ಕಂಡುಹಿಡಿಯಲೇಬೇಕು. ಮೇಲೆ ನಾನು ಹಾಕಿದ ಎರಡು ಶೇಕಡಾ ಉದಾಹರಣೆಗಷ್ಟೇ. ಅದನ್ನು ಹಾಗೆಯೇ ದಾಖಲೆ ಪುಸ್ತಕಕ್ಕೆ ಇಳಿಸಿದರೆ ನೀವು ಹೇಳಿದ ಆರೋಪ ಪೂರ್ತಿ ನಿಜವಾಗುತ್ತದೆ.

ನಿಮ್ಮ ವಾದಕ್ಕೆ ನಾನೇ ಇನ್ನಷ್ಟು ಬಲ ಕೊಡುತ್ತೇನೆ. ಥರ್ಮಾಮೀಟರ್‌ನ ಒಂದೊಂದು ಓದಿನಲ್ಲಿ 0.1 ಡಿಗ್ರಿ ಅನುಮಾನವಿದ್ದರೆ, ಎರಡು ಓದುಗಳ ವ್ಯತ್ಯಾಸದಲ್ಲಿ 0.2ರವರೆಗೆ ಹೋಗಬಹುದು. 6.3ರಲ್ಲಿ 0.2 ಎಂದರೆ ಶೇಕಡಾ 3. ಅಂದರೆ ಈ ಉಪಕರಣ 55.8ಕ್ಕೂ 57.1ಕ್ಕೂ ನಡುವೆ ತೀರ್ಪು ಕೊಡಲಾರದು. ವಿದ್ಯಾರ್ಥಿಯೊಬ್ಬ '56, ಎರಡು ಹೆಚ್ಚು ಅಥವಾ ಕಡಿಮೆ' ಎಂದು ಬರೆದರೆ ಪೂರ್ಣ ಅಂಕ ಕೊಡಿ. '57.10' ಎಂದು ಬರೆದರೆ ಕರೆದು ಕೇಳಿ, ಎಲ್ಲಿಂದ ತಂದೆ ಎಂದು.

ಗುಣಕ

ಎರಡು ಪುಸ್ತಕ, ಎರಡು ಸಂಖ್ಯೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಎರಡೂ ಸರಿ ಇರಬಹುದು.

ಕ್ರಿಯೆಯ ಶಾಖ ತಾಪಮಾನದೊಂದಿಗೆ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆ ಎಂಬುದನ್ನು ಉತ್ಪನ್ನಗಳ ಮತ್ತು ಪ್ರತಿವರ್ತಕಗಳ ಉಷ್ಣಧಾರಕತೆಗಳ (ಒಂದು ಡಿಗ್ರಿ ಏರಲು ಬೇಕಾಗುವ ಶಾಖಗಳ) ವ್ಯತ್ಯಾಸ ಹೇಳುತ್ತದೆ. ಕಿರ್ಖಾಫ್ ಅವರ ಸಂಬಂಧ ಅದೇ. ಹೆಚ್ಚಿನ ಕ್ರಿಯೆಗಳಲ್ಲಿ ಈ ವ್ಯತ್ಯಾಸ ಸಣ್ಣದು, ಮರೆತರೂ ನಡೆಯುತ್ತದೆ. ತಟಸ್ಥೀಕರಣದಲ್ಲಿ ನಡೆಯುವುದಿಲ್ಲ. ಅಯಾನುಗಳು ತಮ್ಮ ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಕಟ್ಟಿಹಾಕಿರುತ್ತವೆ, ಅವು ಸೇರಿ ನೀರಾದಾಗ ಆ ಅಣುಗಳು ಬಿಡುಗಡೆಯಾಗುತ್ತವೆ. ಪರಿಣಾಮವಾಗಿ ಉಷ್ಣಧಾರಕತೆಯ ವ್ಯತ್ಯಾಸ ಮೋಲ್‌ಗೆ, ಡಿಗ್ರಿಗೆ ಸುಮಾರು 224 ಜೂಲ್. 25 ಡಿಗ್ರಿಯಲ್ಲಿ 55.8 ಇದ್ದರೆ 18 ಡಿಗ್ರಿಯಲ್ಲಿ 55.8 + 7 × 0.224, ಅಂದರೆ 57.4. ಹಳೆಯ ಪುಸ್ತಕಗಳ 13.7 ಕಿಲೋಕ್ಯಾಲೊರಿ, ಅಂದರೆ 57.3 ಕಿಲೋಜೂಲ್, ಈ 18 ಡಿಗ್ರಿಯ ಸಂಖ್ಯೆಯೊಂದಿಗೆ ಹೊಂದುತ್ತದೆ. ತಾಪಮಾನ ಬರೆಯದೆ ತಟಸ್ಥೀಕರಣದ ಶಾಖ ಬರೆಯುವ ಪುಸ್ತಕದ ಅಂಚಿನಲ್ಲಿ ನಾನು ಪೆನ್ಸಿಲ್‌ನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ.

ದ್ರಾವಣದ ಸಾರತೆಯೂ ಸ್ವಲ್ಪ ಕೈಯಾಡಿಸುತ್ತದೆ. 55.8 ಎಂಬುದು ಅತಿ ತೆಳು ದ್ರಾವಣದ ಮಿತಿ. 1 ಮೋಲಾರ್ ಅಷ್ಟು ತೆಳುವಲ್ಲ.

ಕೋಶಕೋಶ

ನಾನು ಜೀವಶಾಸ್ತ್ರದವಳು, ತಪ್ಪು ಚರ್ಚೆಗೆ ಬಂದಿದ್ದರೆ ತಿಳಿಸಿ. ಯಾವ ಪ್ರಬಲ ಆಮ್ಲ ತೆಗೆದುಕೊಂಡರೂ ಅದೇ 56 ಬರುತ್ತದೆ ಎಂದು ಓದಿದ ನೆನಪು. ನೈಟ್ರಿಕ್ ಆಮ್ಲಕ್ಕೂ ಹೈಡ್ರೋಕ್ಲೋರಿಕ್ ಆಮ್ಲಕ್ಕೂ ಅಷ್ಟೊಂದು ವ್ಯತ್ಯಾಸವಿರುವಾಗ ಇದು ಹೇಗೆ?

ತಾಪತ್ರಯ

ಸರಿಯಾದ ಚರ್ಚೆಗೇ ಬಂದಿದ್ದೀರಿ. ಇದು ಹತ್ತೊಂಬತ್ತನೆಯ ಶತಮಾನದವರನ್ನೂ ಕಾಡಿದ ಪ್ರಶ್ನೆ. ಕೋಪನ್‌ಹೇಗನ್‌ನ ಯೂಲಿಯಸ್ ಥಾಮ್ಸನ್, ಪ್ಯಾರಿಸ್‌ನ ಮಾರ್ಸೆಲಾ ಬರ್ತಲೊ, ಇಬ್ಬರೂ ಸಾವಿರಾರು ಮಾಪನಗಳನ್ನು ಮಾಡಿದವರು. ಬಿಡುಗಡೆಯಾಗುವ ಶಾಖವೇ ಪದಾರ್ಥಗಳ ನಡುವಿನ ರಾಸಾಯನಿಕ ಒಲವಿನ ಅಳತೆ ಎಂಬುದು ಅವರ ನಂಬಿಕೆ. ಹಾಗಿದ್ದರೆ ಬೇರೆ ಬೇರೆ ಆಮ್ಲಗಳಿಗೆ ಬೇರೆ ಬೇರೆ ಶಾಖ ಬರಬೇಕಿತ್ತಲ್ಲ? ಬರಲಿಲ್ಲ. 1887ರಲ್ಲಿ ಅರೇನಿಯಸ್ ಅಯಾನುಗಳ ಸಿದ್ಧಾಂತ ಮಂಡಿಸಿದ ಮೇಲೆ ಗಂಟು ಬಿಚ್ಚಿತು. ಪ್ರಬಲ ಆಮ್ಲ ನೀರಿನಲ್ಲಿ ಆಗಲೇ ಒಡೆದು ಅಯಾನುಗಳಾಗಿದೆ. ಕ್ಲೋರೈಡ್ ಆಗಲಿ ನೈಟ್ರೇಟ್ ಆಗಲಿ ಕ್ರಿಯೆಯಲ್ಲಿ ಭಾಗವಹಿಸುವುದೇ ಇಲ್ಲ, ಸುಮ್ಮನೆ ನಿಂತು ನೋಡುತ್ತವೆ. ನಡೆಯುವುದು ಒಂದೇ ಕ್ರಿಯೆ: ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಸೇರಿ ನೀರು. ಒಂದೇ ಕ್ರಿಯೆಗೆ ಒಂದೇ ಶಾಖ.

ದುರ್ಬಲ ಆಮ್ಲವಾದರೆ ಮೊದಲು ಅದು ಒಡೆಯಬೇಕು, ಅದಕ್ಕೆ ಬೇಕಾದ ಶಾಖ ಇದರಿಂದ ಕಳೆಯುತ್ತದೆ. ಹೈಡ್ರೋಸಯಾನಿಕ್ ಆಮ್ಲಕ್ಕೆ ಉಳಿಯುವುದು ಸುಮಾರು 12 ಕಿಲೋಜೂಲ್ ಮಾತ್ರ.

ಗುಣಕ

ಇದರಿಂದ 'ದುರ್ಬಲ ಆಮ್ಲವೆಂದರೆ ಕಡಿಮೆ ಶಾಖ' ಎಂಬ ಸೂತ್ರ ಮಾಡಿಕೊಳ್ಳಬೇಡಿ. ಹೈಡ್ರೋಫ್ಲೋರಿಕ್ ಆಮ್ಲ ದುರ್ಬಲವೇ, ಆದರೂ ಅದರ ತಟಸ್ಥೀಕರಣದಲ್ಲಿ ಸುಮಾರು 68 ಕಿಲೋಜೂಲ್ ಬರುತ್ತದೆ. ಫ್ಲೋರೈಡ್ ಅಯಾನನ್ನು ನೀರು ಎಷ್ಟು ಬಲವಾಗಿ ಸುತ್ತುವರಿಯುತ್ತದೆ ಎಂದರೆ, ಆ ಆಮ್ಲ ಒಡೆಯುವಾಗಲೇ ಶಾಖ ಹೊರಬೀಳುತ್ತದೆ. ಅಸಿಟಿಕ್ ಆಮ್ಲದ ಅಯಾನೀಕರಣಕ್ಕಂತೂ 25 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಶಾಖದ ಲೇವಾದೇವಿಯೇ ಇಲ್ಲ. ಆಮ್ಲ ದುರ್ಬಲವೋ ಪ್ರಬಲವೋ ಎಂಬುದನ್ನು ನಿರ್ಧರಿಸುವುದು ಶಾಖವೊಂದೇ ಅಲ್ಲ, ಅವ್ಯವಸ್ಥೆಯ ಅಳತೆಯಾದ ಎಂಟ್ರೊಪಿಯೂ ಹೌದು.

ಕೋಶಕೋಶ

ಹಾಗಾದರೆ ಇನ್ನೊಂದು. ಜೀವಕೋಶದ ಶಕ್ತಿವಾಹಕ ಅಣು ಎಟಿಪಿ; ನಮ್ಮ ಪಠ್ಯಗಳಲ್ಲಿ 'ಎಟಿಪಿಯ ಫಾಸ್ಫೇಟ್ ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ' ಎಂದಿರುತ್ತದೆ. ರಸಾಯನಶಾಸ್ತ್ರದವರು ಬಂಧ ಮುರಿಯಲು ಶಕ್ತಿ ಕೊಡಬೇಕು ಎನ್ನುತ್ತಾರೆ. ಯಾರನ್ನು ನಂಬಲಿ?

ಗುಣಕ

ರಸಾಯನಶಾಸ್ತ್ರದವರನ್ನು. ಬಂಧ ಮುರಿಯಲು ಯಾವಾಗಲೂ ಶಕ್ತಿ ಬೇಕು, ವಿನಾಯಿತಿ ಇಲ್ಲ. ಶಕ್ತಿ ಬರುವುದು ಹೊಸ ಬಂಧ ಏರ್ಪಟ್ಟಾಗ.

ಹೈಡ್ರೋಜನ್ ಮತ್ತು ಕ್ಲೋರಿನ್ ತೆಗೆದುಕೊಳ್ಳಿ. ಹೈಡ್ರೋಜನ್ ಅಣುವನ್ನು ಮುರಿಯಲು ಮೋಲ್‌ಗೆ 436 ಕಿಲೋಜೂಲ್, ಕ್ಲೋರಿನ್ ಅಣುವಿಗೆ 242. ಒಟ್ಟು ಖರ್ಚು 678. ಎರಡು ಹೈಡ್ರೋಜನ್ ಕ್ಲೋರೈಡ್ ಬಂಧಗಳು ಏರ್ಪಡುವಾಗ ಬರುವುದು 2 × 431 = 862. ಉಳಿತಾಯ 184, ಅಂದರೆ ಒಂದು ಮೋಲ್ ಹೈಡ್ರೋಜನ್ ಕ್ಲೋರೈಡ್‌ಗೆ 92. ಅಳೆದು ಪಡೆದ ಬೆಲೆಯೂ 92.3. ಇಷ್ಟು ಚೆನ್ನಾಗಿ ಹೊಂದುವುದು ಎರಡೇ ಪರಮಾಣುಗಳ ಅಣುಗಳಾದ್ದರಿಂದ. ದೊಡ್ಡ ಅಣುಗಳಲ್ಲಿ ಬಂಧಶಕ್ತಿ ಎಂಬುದು ಸರಾಸರಿ ಬೆಲೆ, ಅಲ್ಲಿ ಇಷ್ಟು ನಿಖರತೆ ನಿರೀಕ್ಷಿಸಬೇಡಿ.

ಎಟಿಪಿಯಲ್ಲೂ ಹೀಗೆಯೇ. ಒಂದು ಬಂಧ ಮುರಿಯುತ್ತದೆ, ನೀರಿನೊಂದಿಗೆ ಸೇರಿ ಬೇರೆ ಬಂಧಗಳು ಏರ್ಪಡುತ್ತವೆ, ಒತ್ತೊತ್ತಾಗಿದ್ದ ಋಣ ಆವೇಶಗಳು ದೂರವಾಗುತ್ತವೆ, ಉತ್ಪನ್ನಗಳನ್ನು ನೀರು ಇನ್ನೂ ಚೆನ್ನಾಗಿ ಸುತ್ತುವರಿಯುತ್ತದೆ. ಇಡೀ ಲೆಕ್ಕದ ನಿವ್ವಳ ಮೊತ್ತವೇ ನೀವು ಓದುವ 30.5 ಕಿಲೋಜೂಲ್. ಅದೂ ಮುಕ್ತಶಕ್ತಿಯ, ಅಂದರೆ ಶಾಖ ಮತ್ತು ಎಂಟ್ರೊಪಿ ಎರಡನ್ನೂ ಸೇರಿಸಿದ ಲೆಕ್ಕ. ಕ್ಯಾಲೊರಿಮೀಟರ್‌ನಲ್ಲಿ ಕಾಣುವ ಶಾಖದ ಲೆಕ್ಕವಲ್ಲ.

ನಿರ್ವಾಹಕ

ಎಟಿಪಿಯ ಬಗ್ಗೆ ಬಂದ ಮುಂದಿನ ಕೆಲವು ಬರಹಗಳನ್ನು ಜೀವರಸಾಯನ ವಿಭಾಗಕ್ಕೆ ಸಾಗಿಸಲಾಗಿದೆ. ಇಲ್ಲಿ ಮಾಪನದ ಚರ್ಚೆ ಮುಂದುವರಿಯಲಿ.

ಜಾಕೆಟ್_ಜೋಪಾನ

ಕಾರ್ಖಾನೆಯ ಕಡೆಯಿಂದ ಒಂದು ಮಾತು. ನನ್ನ ಕೆಲಸವೇ ಕ್ರಿಯೆಗಳ ಶಾಖ ಅಳೆಯುವುದು. ಆದರೆ 'ಎಷ್ಟು ಶಾಖ' ಎಂಬ ಪ್ರಶ್ನೆಗಿಂತ 'ಎಷ್ಟು ಬೇಗ' ಎಂಬ ಪ್ರಶ್ನೆ ನನ್ನ ನಿದ್ದೆ ಕೆಡಿಸುತ್ತದೆ.

ಸಕ್ಕರೆಯನ್ನು ಪೂರ್ತಿ ಸುಟ್ಟರೆ ಗ್ರಾಂಗೆ 16.5 ಕಿಲೋಜೂಲ್. ಟಿಎನ್‌ಟಿ ಸ್ಫೋಟಿಸಿದರೆ ಗ್ರಾಂಗೆ ಸುಮಾರು 4.2. ಮೊದಲ ಸಲ ಈ ಸಂಖ್ಯೆಗಳನ್ನು ನೋಡಿದವರು ಅದಲುಬದಲಾಗಿದೆ ಎಂದುಕೊಳ್ಳುತ್ತಾರೆ. ಅದಲುಬದಲಾಗಿಲ್ಲ. ಸಕ್ಕರೆ ಹೊರಗಿನ ಆಮ್ಲಜನಕಕ್ಕೆ ಕಾಯಬೇಕು. ಟಿಎನ್‌ಟಿ ಕಾಯುವುದಿಲ್ಲ, ಬೇಕಾದ ಪರಮಾಣುಗಳು ಅಣುವಿನೊಳಗೇ ಇವೆ, ಕೆಲಸ ಮೈಕ್ರೊಸೆಕೆಂಡುಗಳಲ್ಲಿ ಮುಗಿಯುತ್ತದೆ. ಕ್ರಿಯೆಯ ಎಂಥಾಲ್ಪಿ, ಅಂದರೆ ಸ್ಥಿರ ಒತ್ತಡದಲ್ಲಿನ ಶಾಖ, ಎಷ್ಟೇ ನಿಖರವಾಗಿ ಗೊತ್ತಿದ್ದರೂ ಅದು ವೇಗದ ಬಗ್ಗೆ ತುಟಿ ಬಿಚ್ಚುವುದಿಲ್ಲ. ವಜ್ರ ಗ್ರಾಫೈಟ್ ಆದರೆ ಮೋಲ್‌ಗೆ 1.9 ಕಿಲೋಜೂಲ್ ಬಿಡುಗಡೆಯಾಗಬೇಕು. ಹಾಗೆಂದು ಯಾರ ಉಂಗುರವೂ ಪೆನ್ಸಿಲ್ ಸೀಸವಾಗಿಲ್ಲ.

ದೊಡ್ಡ ಪಾತ್ರೆಯಲ್ಲಿ ಇದು ಪ್ರಾಣದ ಪ್ರಶ್ನೆ. ಪಾತ್ರೆಯ ಉದ್ದ ಅಗಲ ಎತ್ತರ ಎರಡು ಪಟ್ಟಾದರೆ ಒಳಗಿನ ದ್ರವ ಎಂಟು ಪಟ್ಟು, ತಣಿಸುವ ಗೋಡೆ ನಾಲ್ಕೇ ಪಟ್ಟು. ಹಾಗಾಗಿ ಪ್ರಯೋಗಾಲಯದ ಫ್ಲಾಸ್ಕ್‌ನಲ್ಲಿ ಸದ್ದಿಲ್ಲದೆ ನಡೆಯುವ ಕ್ರಿಯೆ ರಿಯಾಕ್ಟರ್‌ನಲ್ಲಿ ಹತೋಟಿ ತಪ್ಪಬಹುದು. ನಾವು ಮೊದಲು ಹಾಕುವ ಲೆಕ್ಕ ಇದು: ತಣಿಸುವ ವ್ಯವಸ್ಥೆ ಪೂರ್ತಿ ನಿಂತರೆ ತಾಪಮಾನ ಎಲ್ಲಿಯವರೆಗೆ ಏರುತ್ತದೆ? ಕಿಲೋಗ್ರಾಂಗೆ 2 ಮೋಲ್ ಪದಾರ್ಥ, ಮೋಲ್‌ಗೆ 200 ಕಿಲೋಜೂಲ್ ಶಾಖ, ಮಿಶ್ರಣದ ವಿಶಿಷ್ಟ ಉಷ್ಣ ಕಿಲೋಗ್ರಾಂಗೆ, ಡಿಗ್ರಿಗೆ 2 ಕಿಲೋಜೂಲ್ ಎಂದಿಟ್ಟುಕೊಳ್ಳಿ. 400 ಭಾಗಿಸು 2, ಏರಿಕೆ 200 ಡಿಗ್ರಿ. ಆ ತಾಪಮಾನದಲ್ಲಿ ದ್ರಾವಕ ಕುದಿಯುತ್ತದೆಯೇ, ಇನ್ನೊಂದು ವಿಘಟನೆ ಶುರುವಾಗುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಉತ್ತರ ಹೌದು ಎಂದಾದರೆ ಆ ಪಾಕವಿಧಾನ ನನ್ನ ಮೇಜು ದಾಟುವುದಿಲ್ಲ.

ಪ್ರತಿವರ್ತಕವನ್ನು ಹನಿಹನಿಯಾಗಿ ಸೇರಿಸುತ್ತೇವೆ, ಅಪಾಯವಿಲ್ಲ ಎಂದು ವಾದಿಸುವವರಿದ್ದಾರೆ. ಸೇರಿಸಿದ ಹನಿ ತಕ್ಷಣ ವರ್ತಿಸಿದರೆ ಮಾತ್ರ ಅದು ನಿಜ. ತಣ್ಣಗಿದ್ದು ವರ್ತಿಸದೆ ಕೂಡಿಡುತ್ತಾ ಹೋದರೆ, ಒಮ್ಮೆ ಹೊತ್ತಿಕೊಂಡಾಗ ಒಟ್ಟಿಗೇ ಲೆಕ್ಕ ಚುಕ್ತಾ ಆಗುತ್ತದೆ. ಆದ್ದರಿಂದಲೇ ರಿಯಾಕ್ಷನ್ ಕ್ಯಾಲೊರಿಮೀಟರ್‌ನಲ್ಲಿ ಒಟ್ಟು ಶಾಖದ ಜೊತೆ ಪ್ರತಿ ಕ್ಷಣದ ಶಾಖಪ್ರವಾಹವನ್ನೂ ದಾಖಲಿಸುತ್ತೇವೆ.

ಸಂದೇಹಿ

ಇದು ಹೊಸ ನೋಟ. ಆದರೆ ಸಕ್ಕರೆಯ 16.5 ಅಳೆದದ್ದು ಹೇಗೆ? ಥರ್ಮೋಕೋಲ್ ಲೋಟದಲ್ಲಿ ಸಕ್ಕರೆ ಸುಡಲಾಗದು.

ತಾಪತ್ರಯ

ಬಾಂಬ್ ಕ್ಯಾಲೊರಿಮೀಟರ್. ಬರ್ತಲೊ 1881ರ ಸುಮಾರಿಗೆ ರೂಪಿಸಿದ್ದು. ದಪ್ಪ ಗೋಡೆಯ ಉಕ್ಕಿನ ಪಾತ್ರೆ, ಒಳಗೆ ಚಿಕ್ಕ ಬಟ್ಟಲಿನಲ್ಲಿ ಒಂದು ಗ್ರಾಂನಷ್ಟು ಮಾದರಿ, ಸುಮಾರು 30 ವಾಯುಭಾರದಷ್ಟು ಆಮ್ಲಜನಕ. ಸಣ್ಣ ತಂತಿಗೆ ವಿದ್ಯುತ್ ಹಾಯಿಸಿ ಹೊತ್ತಿಸುತ್ತಾರೆ. ಪಾತ್ರೆ ಮುಳುಗಿರುವ ನೀರಿನ ತಾಪಮಾನ ಏರುತ್ತದೆ.

ಇಲ್ಲಿಯೂ ಅದೇ ಕಥೆ: ನೀರು, ಉಕ್ಕು, ಕಲಕು ಎಲ್ಲ ಸೇರಿ ಡಿಗ್ರಿಗೆ ಎಷ್ಟು ಜೂಲ್ ಕುಡಿಯುತ್ತವೆ ಎಂದು ಮೊದಲು ತಿಳಿದಿರಬೇಕು. ಅದಕ್ಕೆ ಶುದ್ಧ ಬೆಂಜೋಯಿಕ್ ಆಮ್ಲ ಸುಡುತ್ತಾರೆ, ಗ್ರಾಂಗೆ 26.43 ಕಿಲೋಜೂಲ್. ಗುಳಿಗೆ ಮಾಡಲು ಸುಲಭ, ತೇವ ಹೀರುವುದಿಲ್ಲ, ಮಸಿ ಉಳಿಸದೆ ಪೂರ್ತಿ ಉರಿಯುತ್ತದೆ. ಡಿಗ್ರಿಗೆ 10 ಕಿಲೋಜೂಲ್ ಬೇಕಾಗುವ ಉಪಕರಣದಲ್ಲಿ ಒಂದು ಗ್ರಾಂ ಸುಟ್ಟರೆ 2.64 ಡಿಗ್ರಿ ಏರಿಕೆ. ಅದನ್ನು ಡಿಗ್ರಿಯ ಸಾವಿರದಲ್ಲೊಂದು ಭಾಗದವರೆಗೆ ಓದುತ್ತಾರೆ. ಹೊತ್ತಿಸುವ ತಂತಿ ಉರಿದ ಶಾಖವನ್ನು ಕಳೆಯಬೇಕು. ಪಾತ್ರೆಯಲ್ಲಿ ಉಳಿದ ಗಾಳಿಯ ಸಾರಜನಕ ಸ್ವಲ್ಪ ನೈಟ್ರಿಕ್ ಆಮ್ಲವಾಗುತ್ತದೆ, ಅದನ್ನು ಟೈಟ್ರೇಟ್ ಮಾಡಿ ಅದರ ಶಾಖವನ್ನೂ ಕಳೆಯಬೇಕು. ಸಂದೇಹಿಯವರೇ, ತಿದ್ದುಪಡಿಗಳ ಬಗ್ಗೆ ನಿಮ್ಮ ಗುಮಾನಿ ಇಲ್ಲಿ ಇನ್ನೂ ಹೆಚ್ಚಬಹುದು.

ಪಾತ್ರೆ ಮುಚ್ಚಿರುವುದರಿಂದ ಗಾತ್ರ ಬದಲಾಗದು. ಆದ್ದರಿಂದ ಸಿಗುವುದು ಆಂತರಿಕ ಶಕ್ತಿಯ ಬದಲಾವಣೆ, ಎಂಥಾಲ್ಪಿಯಲ್ಲ. ಎರಡರ ನಡುವಿನ ಅಂತರ ಅನಿಲದ ಮೋಲ್‌ಗಳು ಎಷ್ಟು ಬದಲಾದವು ಎಂಬುದರ ಮೇಲಿದೆ, 25 ಡಿಗ್ರಿಯಲ್ಲಿ ಮೋಲ್‌ಗೆ 2.48 ಕಿಲೋಜೂಲ್. ಮೀಥೇನ್ ಉರಿದು ದ್ರವ ನೀರು ಕೊಟ್ಟರೆ ಮೂರು ಮೋಲ್ ಅನಿಲ ಒಂದಾಗುತ್ತದೆ. 885ಕ್ಕೆ 5 ಸೇರಿಸಿ 890. ಗ್ಲೂಕೋಸ್‌ನಲ್ಲಿ ಆರು ಹೋಗಿ ಆರು ಬರುತ್ತವೆ, ವ್ಯತ್ಯಾಸವೇ ಇಲ್ಲ.

ಕೋಶಕೋಶ

ಪ್ರೋಟೀನ್ ಬಾಂಬ್‌ನಲ್ಲಿ ಗ್ರಾಂಗೆ ಸುಮಾರು 23 ಕಿಲೋಜೂಲ್ ಕೊಡುತ್ತದೆ, ಆಹಾರದ ಕೋಷ್ಟಕದಲ್ಲಿ 17. ಇಲ್ಲಿ ಯಾವ ತಿದ್ದುಪಡಿ ಎಂದು ನಾನೇ ಹೇಳಬಲ್ಲೆ: ಬಾಂಬ್ ಸಾರಜನಕವನ್ನು ಅನಿಲವಾಗುವವರೆಗೆ ಸುಡುತ್ತದೆ, ದೇಹ ಅದನ್ನು ಯೂರಿಯಾ ಮಾಡಿ ಹೊರಹಾಕುತ್ತದೆ. ಯೂರಿಯಾದಲ್ಲಿ ಇನ್ನೂ ಗ್ರಾಂಗೆ ಹತ್ತು ಕಿಲೋಜೂಲ್ ಉಳಿದಿರುತ್ತದೆ.

ಬೀಕರ್_ಬದಿ

ಸುಡಲೂ ಆಗದ, ಲೋಟದಲ್ಲೂ ಮಾಡಲಾಗದ ಕ್ರಿಯೆಗಳಿಗೆ ಹೆಸ್ ನಿಯಮ (ಹಂತಗಳು ಯಾವುವಾದರೂ ಒಟ್ಟು ಶಾಖ ಒಂದೇ) ಎಂದು ಪಾಠ ಮಾಡುತ್ತೇನೆ. ಅದಕ್ಕೆ ಪ್ರಯೋಗಾಲಯದಲ್ಲೇ ಮಾಡಿ ತೋರಿಸಬಹುದಾದ ಉದಾಹರಣೆ ಇದೆಯೇ? ಇಂಗಾಲದ ಮೊನಾಕ್ಸೈಡ್ ಉದಾಹರಣೆ ಕಾಗದದ ಮೇಲೆ ಚೆಂದ, ಕೈಯಲ್ಲಿ ಮಾಡುವಂತಿಲ್ಲ.

ಗುಣಕ

ಮೊನಾಕ್ಸೈಡ್ ಏಕೆ ಬೇಕಾಗುತ್ತದೆ ಎಂಬುದನ್ನು ಮಾತ್ರ ಬಿಡಬೇಡಿ. ಇಂಗಾಲವನ್ನು ಅರ್ಧ ಸುಟ್ಟು ಅಲ್ಲಿಗೇ ನಿಲ್ಲಿಸಲು ಆಗುವುದಿಲ್ಲ, ಒಂದಷ್ಟು ಡೈಆಕ್ಸೈಡ್ ಆಗಿಯೇ ತೀರುತ್ತದೆ. ಹಾಗಾಗಿ ಪೂರ್ತಿ ಸುಟ್ಟಾಗಿನ 393.5ರಿಂದ ಮೊನಾಕ್ಸೈಡ್ ಸುಟ್ಟಾಗಿನ 283.0 ಕಳೆದು 110.5 ಪಡೆಯಬೇಕು.

ಕೈಯಲ್ಲಿ ಮಾಡುವುದಕ್ಕೆ ನಿಮ್ಮ ಸೋಡಿಯಂ ಹೈಡ್ರಾಕ್ಸೈಡ್ ಸಾಕು. ಗಟ್ಟಿ ಹರಳನ್ನು ನೀರಿನಲ್ಲಿ ಕರಗಿಸಿದರೆ ಮೋಲ್‌ಗೆ 44.5 ಕಿಲೋಜೂಲ್. ಆ ದ್ರಾವಣವನ್ನು ಆಮ್ಲದೊಂದಿಗೆ ಬೆರೆಸಿದರೆ 55.8. ಗಟ್ಟಿ ಹರಳನ್ನು ನೇರವಾಗಿ ನೀರು ಬೆರೆಸಿ ತೆಳುವಾಗಿಸಿದ ಆಮ್ಲಕ್ಕೆ ಹಾಕಿದರೆ ಎರಡರ ಮೊತ್ತ, ಸುಮಾರು 100. ಹರಳು ತೂಗುವಾಗಲೇ ತೇವ ಹೀರುತ್ತದೆ, ಬೇಗ ತೂಗಿ, ಕನ್ನಡಕ ಹಾಕಿ. ಹೆಸ್ 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೋರಿಸಿದ್ದೂ ಇದೇ ಜಾತಿಯ ಪ್ರಯೋಗ: ಗಂಧಕಾಮ್ಲವನ್ನು ನೀರು ಬೆರೆಸಿ ಬೇರೆ ಬೇರೆ ಮಟ್ಟಕ್ಕೆ ತೆಳುವಾಗಿಸಿ, ಆಮೇಲೆ ಅಮೋನಿಯಾದಿಂದ ತಟಸ್ಥಗೊಳಿಸಿದರು. ಎರಡು ಹಂತಗಳ ಶಾಖ ಬದಲಾಯಿತು, ಮೊತ್ತ ಬದಲಾಗಲಿಲ್ಲ. ಶಕ್ತಿಯ ಸಂರಕ್ಷಣೆಯ ನಿಯಮವನ್ನು ಜಗತ್ತು ಒಪ್ಪಿಕೊಳ್ಳುವುದಕ್ಕೂ ಮೊದಲಿನ ಮಾತು ಇದು.

ಸಂದೇಹಿ

ಕೊನೆಯ ಕೊಂಕು. ಎಲ್ಲವೂ ಶಾಖ ಬಿಡುವ ಕ್ರಿಯೆಗಳ ಮಾತೇ ಆಯಿತು. ಶಕ್ತಿ ಕಡಿಮೆಯಾಗುವ ಕಡೆಗೆ ಕ್ರಿಯೆ ಸಾಗುತ್ತದೆ ಎನ್ನುವುದಾದರೆ, ಶಾಖ ಹೀರುವ ಕ್ರಿಯೆ ತಾನಾಗಿ ನಡೆಯಲೇಬಾರದಲ್ಲವೇ?

ತಾಪತ್ರಯ

ಥಾಮ್ಸನ್ ಮತ್ತು ಬರ್ತಲೊ ಹಾಗೆಯೇ ಅಂದುಕೊಂಡಿದ್ದರು, ಪ್ರಕೃತಿ ಒಪ್ಪಲಿಲ್ಲ. ಅಮೋನಿಯಂ ನೈಟ್ರೇಟ್ ನೀರಿನಲ್ಲಿ ಕರಗುವಾಗ ಮೋಲ್‌ಗೆ 25.7 ಕಿಲೋಜೂಲ್ ಹೀರುತ್ತದೆ, ಲೋಟ ಹಿಡಿದ ಕೈ ಮರಗಟ್ಟುತ್ತದೆ, ಆದರೂ ಯಾರೂ ಬಲವಂತ ಮಾಡದೆ ಕರಗುತ್ತದೆ. ಎಂಟು ಅಣು ನೀರಿರುವ ಬೇರಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಂ ಥಯೋಸಯನೇಟ್, ಎರಡೂ ಗಟ್ಟಿ ಪದಾರ್ಥಗಳು, ಬೀಕರ್‌ನಲ್ಲಿ ಕಲಸಿದರೆ ತಾಪಮಾನ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ಹೋಗುತ್ತದೆ; ಒದ್ದೆ ಹಲಗೆಯ ಮೇಲಿಟ್ಟರೆ ಬೀಕರ್ ಹಲಗೆಗೆ ಅಂಟಿ ಹೆಪ್ಪುಗಟ್ಟುತ್ತದೆ. ಗಟ್ಟಿ ಹರಳುಗಳಿಂದ ಅನಿಲ, ದ್ರವ, ಅಯಾನುಗಳು ಹೊರಬಂದು ಎಂಟ್ರೊಪಿ ಅಷ್ಟು ಏರುತ್ತದೆ, ಹೀರಿದ ಶಾಖದ ಸಾಲ ಅದರಲ್ಲೇ ತೀರುತ್ತದೆ. ದಿಕ್ಕು ಹೇಳುವುದು ಮುಕ್ತಶಕ್ತಿ. ಶಾಖ ಅದರ ಒಂದು ಭಾಗ ಮಾತ್ರ. ಬೇರಿಯಂ ಲವಣ ವಿಷ, ಹೊರಬರುವ ಅಮೋನಿಯಾ ಕಣ್ಣು ಕೆಡಿಸುತ್ತದೆ. ಪ್ರದರ್ಶನವನ್ನು ಅಧ್ಯಾಪಕರೇ ಮಾಡಲಿ, ಹೊಗೆಗೂಡಿನೊಳಗೆ.

ಹಳೆಯ ಕೋಷ್ಟಕಗಳನ್ನು ತೆರೆದರೆ ಚಿಹ್ನೆಯನ್ನು ನೋಡಿಕೊಳ್ಳಿ. ಹತ್ತೊಂಬತ್ತನೆಯ ಶತಮಾನದವರು ಹೊರಬಂದ ಶಾಖವನ್ನು ಧನವಾಗಿ ಬರೆಯುತ್ತಿದ್ದರು. ಈಗ ವ್ಯವಸ್ಥೆ ಕಳೆದುಕೊಂಡದ್ದು ಋಣ.

ಜಾಕೆಟ್_ಜೋಪಾನ

ವಿದ್ಯಾರ್ಥಿಗಳು ಈ ಚಿಹ್ನೆಯಲ್ಲೇ ಹೆಚ್ಚು ಎಡವುತ್ತಾರೆ. ಥರ್ಮಾಮೀಟರ್ ಏರಿತು, ಹಾಗಾಗಿ ಧನ ಎನ್ನುತ್ತಾರೆ. ಥರ್ಮಾಮೀಟರ್ ಇರುವುದು ನೀರಿನಲ್ಲಿ, ಮತ್ತು ಈ ಲೆಕ್ಕದಲ್ಲಿ ನೀರು ಪರಿಸರ. ನೀರು ಪಡೆದದ್ದನ್ನು ಕ್ರಿಯೆ ಕಳೆದುಕೊಂಡಿದೆ. ಪ್ರಯೋಗ ಶುರುಮಾಡುವ ಮೊದಲು ಗಡಿ ಎಲ್ಲಿ ಎಳೆದಿದ್ದೇವೆ ಎಂದು ಬರೆಸಿ.

ಬೀಕರ್_ಬದಿ

ಮುಂದಿನ ವಾರದ ತಂಡಕ್ಕೆ ನೀರಿನ ಪ್ರಯೋಗ, ನಕ್ಷೆ, ಎರಡು ಸೂಚಕಗಳ ಟೈಟ್ರೇಷನ್ ಮೂರನ್ನೂ ಸೇರಿಸುತ್ತಿದ್ದೇನೆ. ಒಂದು ಸಣ್ಣ ಸಂಶಯ ಉಳಿದಿದೆ. ಲೋಟದ ಮುಚ್ಚಳ ಬಿಗಿಯಾಗಿದ್ದರೆ ಸ್ಥಿರ ಒತ್ತಡ ಎನ್ನಬಹುದೇ, ಅಥವಾ ಬಾಂಬ್‌ನಂತೆ ಅಲ್ಲಿಯೂ ತಿದ್ದಬೇಕೇ?

ಗುಣಕ

ಥರ್ಮಾಮೀಟರ್ ತೂರಿಸುವ ತೂತು ಇದೆಯಲ್ಲ, ಗಾಳಿಗೆ ಅಷ್ಟು ಸಾಕು. ಜೊತೆಗೆ ಇಲ್ಲಿ ಎಲ್ಲವೂ ದ್ರವ. ದ್ರಾವಣ ಒಂದು ಪೂರ್ತಿ ಮಿಲಿಲೀಟರ್ ಹಿಗ್ಗಿದರೂ ವಾಯುಭಾರದ ವಿರುದ್ಧ ಮಾಡುವ ಕೆಲಸ 0.1 ಜೂಲ್. ನಿಮ್ಮ ಒಟ್ಟು 2740 ಜೂಲ್. ತಿದ್ದಬೇಡಿ.